ಯೋಧರ ಸ್ಮರಣವನ ಮತ್ತು ಶ್ರಾವಕನ ಅಹಿಂಸೆ

ಕೆಲವು ವರ್ಷಗಳ ಹಿಂದೆ ಬನಶಂಕರಿಯ ನಮ್ಮ ಬಡಾವಣೆಯಲ್ಲಿ ಬಹುಕಾಲದಿಂದ ಪಾಳುಬಿದ್ದಿದ್ದ ಒಂದು ನಿವೇಶನವನ್ನು ಉದ್ಯಾನವನ್ನಾಗಿ ಮಾಡಿ, ಅದನ್ನು ದೇಶದ ಸೇನೆಯಲ್ಲಿ ದುಡಿದವರ ನೆನಪಿಗೆ ಮೀಸಲಿಡಬೇಕೆಂದು ನಿವಾಸಿಗಳು ಸಂಕಲ್ಪಿಸಿದರು. ಸುತ್ತಮುತ್ತಲಿನ ದೇವಾಲಯಗಳಿಗೂ ಸಂಘಸಂಸ್ಥೆಗಳಿಗೂ ನೆರವು ಕೋರಿ ಪತ್ರಗಳು ಹೋದವು. ನಮ್ಮ ಬಸದಿಯ ಟ್ರಸ್ಟಿಗೂ ಒಂದು ಪತ್ರ ಬಂತು. ಸಾಮಾನ್ಯವಾಗಿ ಇಂಥ ಮನವಿಗಳು ಟ್ರಸ್ಟಿನ ಸಭೆಯಲ್ಲಿ ಐದು ನಿಮಿಷಗಳಲ್ಲಿ ಇತ್ಯರ್ಥವಾಗುತ್ತವೆ. ಆ ದಿನ ಮಾತ್ರ ಎರಡು ಗಂಟೆ ಕಳೆದರೂ ತೀರ್ಮಾನವಾಗಲಿಲ್ಲ.

ಹಿರಿಯರೊಬ್ಬರು ಎದ್ದು, "ಅಹಿಂಸೆಯೇ ಪರಮಧರ್ಮವೆಂದು ಬಸದಿಯ ಹೆಬ್ಬಾಗಿಲಿನ ಮೇಲೆ ಬರೆಸಿರುವ ನಾವು, ಆಯುಧ ಹಿಡಿದವರ ಸ್ಮಾರಕಕ್ಕೆ ನಿರ್ಮಾಲ್ಯದಷ್ಟೇ ಪವಿತ್ರವಾದ ಈ ದ್ರವ್ಯವನ್ನು ಕೊಡುವುದು ಹೇಗೆ?" ಎಂದು ಕೇಳಿದರು. ತರುಣ ಸದಸ್ಯರೊಬ್ಬರು, "ಗಡಿಯಲ್ಲಿ ಅವರು ಎಚ್ಚರವಾಗಿರುವುದರಿಂದಲೇ ನಾವು ಇಲ್ಲಿ ನಿಶ್ಚಿಂತೆಯಿಂದ ಅಭಿಷೇಕ ಮಾಡುತ್ತಿದ್ದೇವೆ, ಕೊಡದಿದ್ದರೆ ಕೃತಘ್ನರಾಗುತ್ತೇವೆ" ಎಂದು ಉತ್ತರಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಮುಟ್ಟಲಿಲ್ಲ.

ಮನವಿ ತಂದವರ ಜೊತೆ ಒಬ್ಬ ನಿವೃತ್ತ ಹವಾಲ್ದಾರರೂ ಬಂದು ಹೊರಗಿನ ಜಗಲಿಯಲ್ಲಿ ಕುಳಿತಿದ್ದರು. 1971ರ ಯುದ್ಧದಲ್ಲಿ ಭಾಗವಹಿಸಿದ್ದ ಅವರು ನಮ್ಮ ಧರ್ಮದವರಲ್ಲ. ಒಳಗಿನ ಮಾತು ಅವರ ಕಿವಿಗೂ ಬಿದ್ದಿರಬೇಕು. ಸಭೆ ಮುಗಿದು ನಾವು ಹೊರಬಂದಾಗ ಅವರು ಕೋಪವಿಲ್ಲದೆ, ಬಹಳ ಸಹಜವಾಗಿ ಕೇಳಿದರು: "ಸ್ವಾಮಿ, ಹಣದ ವಿಷಯ ಇರಲಿ. ನಿಮ್ಮ ಧರ್ಮದಲ್ಲಿ ನನ್ನಂಥವನಿಗೆ ಯಾವ ಜಾಗ ಇದೆ, ಅದನ್ನು ಹೇಳಿ."

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ದಿನವೂ ಸ್ವಾಧ್ಯಾಯ ಮಾಡುವವರೇ ಅಲ್ಲಿ ನಾಲ್ಕು ಜನ ಇದ್ದೆವು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಹುಡುಕಿಕೊಂಡ ಉತ್ತರ. ಯೋಧರ ಹೆಸರಿನ ಉದ್ಯಾನಕ್ಕೆ ಶ್ರಾವಕನು ಯಾವ ಭಾವದಿಂದ ಕಾಲಿಡಬೇಕು? ಹೆಮ್ಮೆಯಿಂದಲೋ, ಸಂಕೋಚದಿಂದಲೋ, ಅಥವಾ ಇವೆರಡೂ ಅಲ್ಲದ ಮೂರನೆಯ ಭಾವವೊಂದರಿಂದಲೋ?

ಮೊದಲು ನಾವು ವಾಸಿಸುವ ನೆಲವನ್ನೇ ನೋಡೋಣ. ದಕ್ಷಿಣ ಬೆಂಗಳೂರಿನ ಜಯನಗರ ಬಡಾವಣೆಗೆ 1948ರಲ್ಲಿ ಶ್ರೀ ಸಿ. ರಾಜಗೋಪಾಲಾಚಾರಿಯವರು ಅಸ್ತಿಭಾರ ಹಾಕಿದರು. ಅದರ ನೆನಪಿಗಾಗಿ ಮೊದಲನೆಯ ಬ್ಲಾಕಿನಲ್ಲಿ ನಿಂತಿರುವ ಅಶೋಕ ಸ್ತಂಭವನ್ನು ಕಾಣದ ಬೆಂಗಳೂರಿಗರಿಲ್ಲ. ಜಯದ ಹೆಸರನ್ನು ಹೊತ್ತ ನಗರದ ಬಾಗಿಲಿನಲ್ಲಿ ಅಶೋಕನ ಸಿಂಹಗಳನ್ನು ನಿಲ್ಲಿಸಿದ್ದು ಅರ್ಥಪೂರ್ಣವಾದ ಸಂಗತಿ. ಏಕೆಂದರೆ ಅಶೋಕನು ತನ್ನ ಜಯದ ಬಗೆಗೆ ಕಲ್ಲಿನಲ್ಲಿ ಪಶ್ಚಾತ್ತಾಪವನ್ನು ಕೆತ್ತಿಸಿದ ಅರಸು. ಅವನ ಹದಿಮೂರನೆಯ ಬಂಡೆಶಾಸನವು ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಲೆಕ್ಕ ಕೊಟ್ಟು, ಗೆದ್ದವನ ದುಃಖವನ್ನು ನಿವೇದಿಸುತ್ತದೆ. ಭಗವಾನ್ ನೇಮಿನಾಥರ ನಿರ್ವಾಣಭೂಮಿಯಾದ ಗಿರಿನಾರಿಗೆ ಯಾತ್ರೆ ಹೋಗುವ ನಮ್ಮವರು ಬೆಟ್ಟದ ದಾರಿಯಲ್ಲಿಯೇ ಆ ಶಾಸನವಿರುವ ಬಂಡೆಯನ್ನು ಹಾದುಹೋಗುತ್ತಾರೆ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕಳಿಂಗದ ನೆಲದಲ್ಲಿಯೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಹದಿಮೂರನೆಯ ಶಾಸನ ಇಲ್ಲ. ಅದರ ಬದಲಿಗೆ ಬೇರೆ ಶಾಸನಗಳಿವೆ. ನೊಂದವರಿದ್ದ ಕಡೆ ಆ ಪಶ್ಚಾತ್ತಾಪದ ಮಾತನ್ನು ಕೆತ್ತಿಸಲಿಲ್ಲ. ಗೆದ್ದವನು ತನ್ನ ತಪ್ಪನ್ನು ಅದರಿಂದ ನೊಂದವರ ಎದುರಿನಲ್ಲಿಯೇ ಹೇಳುವುದು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಜಯನಗರದಿಂದ ಇನ್ನಷ್ಟು ದಕ್ಷಿಣಕ್ಕೆ, ಬಿ.ಟಿ.ಎಂ. ಬಡಾವಣೆಯನ್ನು ದಾಟಿ ಹೋದರೆ ಬೇಗೂರು ಸಿಗುತ್ತದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರು ಹೇಳುವ ಶಾಸನದಲ್ಲಿಯೇ ಬೆಂಗಳೂರಿನ ಹೆಸರು ಮೊತ್ತಮೊದಲು ಕಾಣಿಸಿಕೊಳ್ಳುತ್ತದೆ. ಅದು ಕಾಣಿಸಿಕೊಳ್ಳುವುದು ಮಾರುಕಟ್ಟೆಯ ಊರಾಗಿಯೂ ಅಲ್ಲ, ತೋಟಗಳ ಊರಾಗಿಯೂ ಅಲ್ಲ. ಒಂದು ಕಾಳಗದ ಹೆಸರಾಗಿ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟನಸೆಟ್ಟಿ ಮಡಿದನೆಂದು ಆ ಕಲ್ಲು ಸಾರುತ್ತದೆ. ಗಂಗರ ಅಧಿಕಾರಿಯಾಗಿದ್ದ ನಾಗತ್ತರನೂ ತುಂಬೆಪಾಡಿಯ ಯುದ್ಧದಲ್ಲಿ ಬಿದ್ದವನೇ; ಆನೆ ಕುದುರೆಗಳು ತುಂಬಿದ ಅವನ ವೀರಗಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ನಾಗತ್ತರನ ಮಗಳು ತೊಂಡಬ್ಬೆ ಮಾತ್ರ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದಳೆಂದು ಬೇಗೂರಿನ ಇನ್ನೊಂದು ಶಾಸನ ತಿಳಿಸುತ್ತದೆ.

ಒಂದೇ ಮನೆಯ ತಂದೆಯೂ ಮಗನೂ ರಣದಲ್ಲಿ ಮಡಿದರು. ಮಗಳು ಸಮಾಧಿಮರಣವನ್ನು ಪಡೆದಳು. ಕನ್ನಡನಾಡು ಈ ಎರಡು ಬಗೆಯ ಸಾವನ್ನೂ ಕಲ್ಲಿನಲ್ಲಿ ನೆನೆದಿದೆ: ಒಂದಕ್ಕೆ ವೀರಗಲ್ಲು, ಇನ್ನೊಂದಕ್ಕೆ ನಿಷಿಧಿ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿದ್ದರೆ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ದೇವಸನ್ನಿಧಿಯಲ್ಲಿ ಕುಳಿತಿರುತ್ತಾನೆ. ನಿಷಿಧಿಯಲ್ಲಿ ಸಾಮಾನ್ಯವಾಗಿ ಗುರುವಿನ ಎದುರಿನಲ್ಲಿ ಕುಳಿತ ಸಾಧಕ ಅಥವಾ ಜಿನಬಿಂಬ ಮಾತ್ರ ಇರುತ್ತದೆ. ಎರಡೂ ಕಲ್ಲುಗಳು ಧೈರ್ಯವನ್ನೇ ನೆನೆಯುತ್ತವೆ. ಆದರೆ ಮೊದಲನೆಯ ಕಲ್ಲು ಹೇಳುವ ಒಂದು ಮಾತನ್ನು ಜಿನಾಗಮವು ಒಪ್ಪಿಕೊಳ್ಳುವುದಿಲ್ಲ. ನಮ್ಮ ವಿಚಾರ ಇಲ್ಲಿಂದಲೇ ಆರಂಭವಾಗಬೇಕು.

ಶ್ವೇತಾಂಬರ ಪರಂಪರೆಯ ಆಗಮವಾದ ಭಗವತೀ ಸೂತ್ರದ ಏಳನೆಯ ಶತಕದಲ್ಲಿ ವೈಶಾಲಿಯ ಚೇಟಕರಾಜನಿಗೂ ಮಗಧದ ಕೂಣಿಕನಿಗೂ ನಡೆದ ಮಹಾಯುದ್ಧಗಳ ಪ್ರಸಂಗ ಬರುತ್ತದೆ. ಅಲ್ಲಿ ಗೌತಮ ಗಣಧರರು ಭಗವಾನ್ ಮಹಾವೀರರನ್ನು, ಯುದ್ಧದಲ್ಲಿ ಮಡಿದವರೆಲ್ಲರೂ ದೇವಲೋಕದಲ್ಲಿ ಹುಟ್ಟುತ್ತಾರೆಂದು ಜನ ಆಡಿಕೊಳ್ಳುತ್ತಾರಲ್ಲ, ಅದು ನಿಜವೇ ಎಂದು ಪ್ರಶ್ನಿಸುತ್ತಾರೆ. ಅದು ನಿಜವಲ್ಲವೆಂದು ಭಗವಂತರು ಸ್ಪಷ್ಟವಾಗಿ ಹೇಳುತ್ತಾರೆ. ಸಾವಿನ ಸ್ಥಳದಿಂದ ಗತಿ ನಿರ್ಣಯವಾಗುವುದಿಲ್ಲ. ಸಾಯುವವನ ಪರಿಣಾಮದಿಂದ ನಿರ್ಣಯವಾಗುತ್ತದೆ. ಸಹಸ್ರಾರು ಜನರನ್ನು ರಣಕ್ಕೆ ಕಳುಹಿಸಲು ಸ್ವರ್ಗದ ಆಸೆ ತೋರಿಸುವ ಪದ್ಧತಿ ಜಗತ್ತಿನಲ್ಲೆಲ್ಲ ಇದ್ದಾಗ, ಆ ಆಸೆಯನ್ನು ಇಷ್ಟು ನೇರವಾಗಿ ನಿರಾಕರಿಸಿದ ಮಾತು ವಿರಳವಾದುದು.

ಆದರೆ ಪ್ರಸಂಗ ಅಲ್ಲಿಗೇ ಮುಗಿಯುವುದಿಲ್ಲ. ವೈಶಾಲಿಯ ಶ್ರಾವಕನಾದ ವರುಣನೆಂಬುವನು ರಾಜಾಜ್ಞೆಯಿಂದ ಯುದ್ಧಕ್ಕೆ ಹೋಗಬೇಕಾಗುತ್ತದೆ. ತನ್ನ ಮೇಲೆ ಮೊದಲು ಆಯುಧ ಎತ್ತಿದವನ ಹೊರತು ಬೇರಾರನ್ನೂ ಹೊಡೆಯುವುದಿಲ್ಲವೆಂಬ ನಿಯಮದೊಡನೆ ಅವನು ರಥವೇರುತ್ತಾನೆ. ಎದುರಾಳಿ ಮೊದಲು ಹೊಡೆಯೆಂದು ಕರೆದರೂ ಅವನು ಹೊಡೆಯುವುದಿಲ್ಲ. ಬಾಣದಿಂದ ತಾನು ಗಾಯಗೊಂಡ ಮೇಲೆಯೇ ಪ್ರತಿಯಾಗಿ ಹೊಡೆಯುತ್ತಾನೆ, ಎದುರಾಳಿ ಸಾಯುತ್ತಾನೆ. ತನ್ನ ಕೊನೆಯೂ ಸಮೀಪಿಸಿತೆಂದು ಅರಿತ ವರುಣನು ರಥವನ್ನು ರಣದಿಂದ ಹೊರಕ್ಕೆ ಒಯ್ದು, ದರ್ಭೆ ಹಾಸಿ ಕುಳಿತು, ಅರಿಹಂತರಿಗೆ ವಂದಿಸಿ, ಸಕಲ ಹಿಂಸೆಯನ್ನೂ ಪ್ರತ್ಯಾಖ್ಯಾನ ಮಾಡಿ, ಆಲೋಚನೆ ಪ್ರತಿಕ್ರಮಣಗಳೊಂದಿಗೆ ದೇಹವಿಡುತ್ತಾನೆ. ಅವನಿಗೆ ಸದ್ಗತಿ ದೊರೆಯಿತು. ಅದು ದೊರೆತದ್ದು ಕೊಂದದ್ದಕ್ಕಾಗಿ ಅಲ್ಲ. ಕೊಲ್ಲಬೇಕಾಗಿ ಬಂದಾಗಲೂ ಮಿತಿಯನ್ನು ಮೀರದೆ ಇದ್ದುದಕ್ಕಾಗಿ, ಮತ್ತು ಕೊಂದದ್ದನ್ನು ಪುಣ್ಯವೆಂದು ಭ್ರಮಿಸದೆ ಇದ್ದುದಕ್ಕಾಗಿ.

ಆ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ವರುಣನ ಬಾಲ್ಯಸ್ನೇಹಿತನಾದ ಅವನೂ ಅದೇ ಯುದ್ಧದಲ್ಲಿ ಗಾಯಗೊಂಡವನು. ಅವನಿಗೆ ವ್ರತಗಳ ವಿಧಿ ತಿಳಿಯದು. ಗೆಳೆಯನು ಹೊರಬಂದದ್ದನ್ನು ಕಂಡು ತಾನೂ ಹೊರಬಂದು, ಗೆಳೆಯನಿಗೆ ಯಾವ ವ್ರತಗಳಿವೆಯೋ ಅವು ತನಗೂ ಇರಲಿ ಎಂದಷ್ಟೇ ಭಾವಿಸಿ ಪ್ರಾಣಬಿಟ್ಟನು. ಅವನಿಗೂ ಒಳ್ಳೆಯ ಜನ್ಮವೇ ಬಂದಿತೆಂದು ಆಗಮ ಹೇಳುತ್ತದೆ. ನಮ್ಮ ಜಗಲಿಯಲ್ಲಿ ಕುಳಿತಿದ್ದ ಹವಾಲ್ದಾರರ ಪ್ರಶ್ನೆಗೆ ಅಂದು ಈ ಕಥೆ ನೆನಪಾಗಿದ್ದರೆ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ನಮ್ಮ ಧರ್ಮದಲ್ಲಿ ಯೋಧನಿಗೂ ಜಾಗವಿದೆ; ಧರ್ಮದ ಹೆಸರೇ ತಿಳಿಯದ ಯೋಧನಿಗೂ ಜಾಗವಿದೆ. ಇಲ್ಲದಿರುವುದು ಯುದ್ಧದ ಹೊಗಳಿಕೆಗೆ ಮಾತ್ರ.

ಉಳಿದ ಅರ್ಧ ಉತ್ತರ ಇದಕ್ಕಿಂತ ಕಷ್ಟದ್ದು. ಅದು ಯೋಧನ ಜಾಗವನ್ನು ಕುರಿತದ್ದಲ್ಲ, ನಮ್ಮ ಜಾಗವನ್ನು ಕುರಿತದ್ದು.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿ, ಗೃಹಸ್ಥನು ಸಂಕಲ್ಪಹಿಂಸೆಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು, ಉಳಿದ ಮೂರನ್ನು ಆದಷ್ಟು ಮಿತಗೊಳಿಸತಕ್ಕದ್ದು ಎಂದು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿಯುತ್ತಾರೆ. ಆಕ್ರಮಣವನ್ನು ತಡೆಯುವ ಸೈನಿಕನ ಕಾರ್ಯ ವಿರೋಧೀ ಹಿಂಸೆಗೆ ಸೇರುತ್ತದೆ. ಮಹಾವ್ರತಿಗೆ ಅದು ಸಲ್ಲದು. ಅಣುವ್ರತಿಯಾದ ಗೃಹಸ್ಥನಿಗೆ ಅದರ ಪೂರ್ಣ ತ್ಯಾಗವನ್ನು ವಿಧಿಸಿಲ್ಲ. ಇಷ್ಟು ಹೇಳಿ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಸೈನಿಕನಿಗೆ ರಿಯಾಯಿತಿ ಕೊಟ್ಟ ಧಾರಾಳತನ ನಮ್ಮದೆಂದು ಭಾವಿಸುತ್ತೇವೆ. ಆದರೆ ಆ ರಿಯಾಯಿತಿಯ ಫಲವನ್ನು ಉಣ್ಣುತ್ತಿರುವವರು ಯಾರು?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಚಾರ್ಯರು ಆಸ್ರವಕ್ಕೆ ಆಧಾರವಾದ ಜೀವದ ವ್ಯಾಪಾರಗಳನ್ನು ಲೆಕ್ಕಹಾಕಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದರೆ ಉದ್ದೇಶಿಸುವುದು, ಸಿದ್ಧತೆ ಮಾಡುವುದು, ಕಾರ್ಯಕ್ಕೆ ತೊಡಗುವುದು ಎಂದು ಮೂರು. ಅವನ್ನು ಮನಸ್ಸು, ಮಾತು, ಕಾಯಗಳಿಂದ ಗುಣಿಸಿದರೆ 9. ಕೃತ, ಕಾರಿತ, ಅನುಮತಗಳಿಂದ, ಅಂದರೆ ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಎಂಬ ಮೂರರಿಂದ ಗುಣಿಸಿದರೆ 27. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಜಪಮಾಲೆಯಲ್ಲಿ ನೂರೆಂಟು ಮಣಿಗಳಿರುವುದು ಈ ನೂರೆಂಟು ದ್ವಾರಗಳನ್ನು ನೆನಪಿಸಲೆಂದೇ ಎಂದು ಹಿರಿಯರು ಹೇಳಿಕೊಡುತ್ತಾರೆ.

ಈ ಲೆಕ್ಕವನ್ನು ಯುದ್ಧಕ್ಕೆ ಅನ್ವಯಿಸಿ ನೋಡಿರಿ. ಗುಂಡು ಹಾರಿಸುವ ಕೈ ಕಾಯದಿಂದಾದ ಕೃತದ ಆರಂಭ ಮಾತ್ರ. ಆ ಕೈಗೆ ಬಂದೂಕು ಕೊಟ್ಟವರು ಯಾರು? ಬಂದೂಕಿಗೆ ಹಣ ಒದಗಿಸಿದವರು ಯಾರು? ವ್ಯಾಪಾರ ಮಾಡಿ ತೆರಿಗೆ ಕಟ್ಟುವ ನಾವು ಆ ಹಣದಲ್ಲಿ ಪಾಲುದಾರರಲ್ಲವೇ? 1999ರಲ್ಲಿ ಕಾರ್ಗಿಲಿನ ಬೆಟ್ಟಗಳ ಮೇಲೆ ನಡೆದ ಯುದ್ಧವನ್ನು ನಾವು ಮನೆಯ ದೂರದರ್ಶನದ ಮುಂದೆ ಕುಳಿತು ನೋಡಿದೆವು. ಶಿಖರವೊಂದು ಮರಳಿ ನಮ್ಮ ಕೈ ಸೇರಿತೆಂದಾಗ ಚಪ್ಪಾಳೆ ತಟ್ಟಿದೆವು. ಆ ಯುದ್ಧದಲ್ಲಿ ನಮ್ಮ 527 ಯೋಧರು ಮಡಿದರು. ಎದುರು ಪಕ್ಷದಲ್ಲಿ ಮಡಿದವರಿಗೂ ಮನೆಗಳಿದ್ದವು. ನಮ್ಮ ಚಪ್ಪಾಳೆ ಮನೋವಚನಗಳ ಅನುಮೋದನೆಯಲ್ಲವೇ? ಬಂದೂಕು ಹಿಡಿದವನು ಒಂದು ಮಣಿಯನ್ನು ಎಣಿಸಬೇಕಾದರೆ, ಹಿಡಿಸಿದ ಮತ್ತು ಮೆಚ್ಚಿದ ನಾವು ಎಷ್ಟು ಮಣಿಗಳನ್ನು ಎಣಿಸಬೇಕು?

ಹೀಗೆ ನೋಡಿದಾಗ ನಮ್ಮ ಸಭೆಯ ಎರಡೂ ವಾದಗಳ ಕೊರತೆ ತಿಳಿಯುತ್ತದೆ. ಸ್ಮಾರಕದಿಂದ ದೂರ ನಿಂತರೆ ಕೈ ಶುಚಿಯಾಗಿರುತ್ತದೆಂದು ಹಿರಿಯರು ತಿಳಿದಿದ್ದರು. ಕಾರಿತ ಅನುಮತಗಳ ಲೆಕ್ಕದಲ್ಲಿ ಆ ಕೈ ಮೊದಲೇ ಶುಚಿಯಾಗಿಲ್ಲ. ಹಣ ಕೊಟ್ಟರೆ ಋಣ ತೀರುತ್ತದೆಂದು ತರುಣರು ತಿಳಿದಿದ್ದರು. ಈ ಋಣ ದ್ರವ್ಯದ್ದಲ್ಲ. ನಮಗೆ ಬದಲಾಗಿ ಇನ್ನೊಬ್ಬನು ಹೊತ್ತ ಕರ್ಮಭಾರದ ಋಣ ಅದು. ಯೋಧನು ತನ್ನ ಪ್ರಾಣವನ್ನು ಒತ್ತೆಯಿಟ್ಟನೆಂದು ಎಲ್ಲರೂ ಹೇಳುತ್ತಾರೆ. ಅವನು ತನ್ನ ಪರಿಣಾಮಶುದ್ಧಿಯನ್ನೂ ಒತ್ತೆಯಿಟ್ಟನೆಂಬುದನ್ನು ಜೈನನಲ್ಲದೆ ಬೇರೆ ಯಾರು ಅಷ್ಟು ಗಂಭೀರವಾಗಿ ಅರಿಯಬಲ್ಲರು? ಕೊಲ್ಲುವುದು ಎಷ್ಟು ಭಾರವೆಂದು ನಂಬಿದವನೇ, ಆ ಭಾರವನ್ನು ತನಗಾಗಿ ಹೊತ್ತವನ ಮುಂದೆ ತಲೆಬಾಗಲು ಹೆಚ್ಚು ಬದ್ಧನು. ಅಹಿಂಸಾಧರ್ಮಿಯು ಯೋಧನ ಸ್ಮಾರಕಕ್ಕೆ ಹೋಗಬೇಕಾದ ಮೂರನೆಯ ಭಾವ ಇದೇ: ಹೆಮ್ಮೆಯೂ ಅಲ್ಲ, ಸಂಕೋಚವೂ ಅಲ್ಲ, ಋಣಪ್ರಜ್ಞೆಯಿಂದ ಕೂಡಿದ ಪ್ರತಿಕ್ರಮಣ.

ನಮ್ಮ ಪರಂಪರೆಗೆ ಇದು ಹೊಸದಲ್ಲ. ಚಾವುಂಡರಾಯನು ಗಂಗರ ಸೇನಾಪತಿ. ಸಮರಗಳಲ್ಲಿ ಬಿರುದುಗಳನ್ನು ಗಳಿಸಿದವನು. ಅಂಥವನು ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಶಾಶ್ವತವಾಗಿ ಏನನ್ನು ನಿಲ್ಲಿಸಿದನು? ತನ್ನ ಗೆಲುವಿನ ದೃಶ್ಯವನ್ನಲ್ಲ. ಗೆದ್ದ ಮರುಕ್ಷಣವೇ ಗೆಲುವನ್ನು ಕೈಬಿಟ್ಟ ಬಾಹುಬಲಿಯನ್ನು. ಭರತ ಬಾಹುಬಲಿಯರ ಸೇನೆಗಳು ಎದುರುಬದುರು ನಿಂತಾಗ ಎರಡೂ ಕಡೆಯ ಮಂತ್ರಿಗಳು ತಡೆದರು. ಇವರಿಬ್ಬರೂ ಚರಮಶರೀರಿಗಳು, ಇವರಿಗೆ ಸಾವಿಲ್ಲ, ಸಾಯುವವರು ಸೈನಿಕರು ಮಾತ್ರ ಎಂದು ವಿಚಾರಿಸಿ, ದೃಷ್ಟಿ, ಜಲ, ಮಲ್ಲಯುದ್ಧಗಳಿಂದ ಅಣ್ಣತಮ್ಮಂದಿರೇ ತೀರ್ಮಾನಿಸಿಕೊಳ್ಳಲೆಂದು ಒಪ್ಪಿಸಿದರು. ಅಂದು ಮನೆಗೆ ಮರಳಿದ ಆ ಅಸಂಖ್ಯ ಸೈನಿಕರಿಗೆ ಹೆಸರಿಲ್ಲ, ಕಲ್ಲಿಲ್ಲ. ಅವರು ಬದುಕಿ ಉಳಿದರು, ಅಷ್ಟೇ. ಯೋಧನಿಗೆ ಸಲ್ಲಿಸಬಹುದಾದ ಎಲ್ಲಕ್ಕಿಂತ ದೊಡ್ಡ ಗೌರವ ಆ ಮಂತ್ರಿಗಳು ಸಲ್ಲಿಸಿದ ಗೌರವವೇ. ಬೇಡದ ಯುದ್ಧಕ್ಕೆ ಅವನನ್ನು ಕಳುಹಿಸದೆ ಇರುವುದು ಸ್ಮಾರಕ ಕಟ್ಟುವುದಕ್ಕಿಂತ ಮೊದಲಿನ ಕರ್ತವ್ಯ.

ಇನ್ನು ಸ್ಮಾರಕದ ರೂಪದ ವಿಚಾರ. ಜಯವನ್ನು ಮೆರೆಸುವ ಸ್ಮಾರಕಕ್ಕೆ ಆಯುಸ್ಸು ಕಡಿಮೆಯೆಂಬುದಕ್ಕೆ ನಮ್ಮ ಊರಿನಲ್ಲಿಯೇ ಸಾಕ್ಷಿಯಿದೆ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದಾಗ ಮಡಿದ ಇಂಗ್ಲಿಷರ ಕಡೆಯವರ ಹೆಸರಿನಲ್ಲಿ, ಈಗಿನ ಕಾರ್ಪೊರೇಷನ್ ಕಚೇರಿಯ ಬಳಿ ಒಂದು ಸ್ತಂಭವಿತ್ತು. ಊರನ್ನು ಕಾಯುತ್ತ ಸತ್ತವರ ನೆನಪು ಅದರಲ್ಲಿರಲಿಲ್ಲ. 1964ರಲ್ಲಿ ಜನರ ಒತ್ತಾಯದಿಂದ ಅದನ್ನು ಕಿತ್ತುಹಾಕಲಾಯಿತು. ಆ ಸ್ತಂಭದಿಂದಾಗಿ ಸೆನೊಟಾಫ್ ರಸ್ತೆಯೆನಿಸಿಕೊಂಡಿದ್ದ ದಾರಿ ಇಂದು ನೃಪತುಂಗ ರಸ್ತೆ. ಜಿನಸೇನಾಚಾರ್ಯರ ಶಿಷ್ಯನಾಗಿ, ವಿವೇಕದಿಂದ ರಾಜ್ಯವನ್ನೇ ತ್ಯಜಿಸಿದನೆಂದು ಪರಂಪರೆ ಕೊಂಡಾಡುವ ಅರಸನ ಹೆಸರು ಅದಕ್ಕೆ ಬಂದಿದೆ. ಒಂದು ಪಕ್ಷದ ಜಂಭ ಅಳಿದು, ತ್ಯಾಗದ ಹೆಸರು ಉಳಿಯಿತು.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸಮೀಪ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನವನ್ನು ನಿರ್ಮಿಸಿದೆ. ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿಯ ಕಲ್ಲುಹಲಗೆಗಳಲ್ಲಿ ಕೆತ್ತಲಾಗಿದೆ. ಪ್ರಾಚೀನ ಪದ್ಧತಿಯನ್ನು ನೆನೆದು ಏಕಶಿಲೆಯ ಬೃಹತ್ ವೀರಗಲ್ಲೊಂದನ್ನೂ ಆ ಸ್ಮಾರಕದ ಅಂಗವಾಗಿ ಯೋಜಿಸಲಾಯಿತು. ಈ ಕಾರ್ಯ ನಡೆದಾಗ ಉದ್ಯಾನದ ಮರಗಳ ಗತಿಯೇನೆಂದು ನಾಗರಿಕರು ಆಕ್ಷೇಪವೆತ್ತಿದರು. ಆ ಆಕ್ಷೇಪವನ್ನು ಯೋಧರಿಗೆ ತೋರಿದ ಅಗೌರವವೆಂದು ಕೆಲವರು ಬಗೆದಿರಬಹುದು. ನಮಗೆ ಹಾಗೆ ಕಾಣಬಾರದು. ಏಕೇಂದ್ರಿಯ ಜೀವಿಯ ಪರವಾಗಿ ಎದ್ದ ದನಿಯೂ ರಕ್ಷಣೆಯ ದನಿಯೇ. ಸತ್ತವರ ನೆನಪಿಗಾಗಿ ಬದುಕಿರುವುದನ್ನು ಕಡಿಯಬೇಕೇ ಎಂಬ ಪ್ರಶ್ನೆ ಯಾವ ಸ್ಮಾರಕ ಸಮಿತಿಯೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೊರಗಿನ ರಕ್ಷಾಚಕ್ರವನ್ನು ಗೋಡೆಯಿಂದ ಕಟ್ಟದೆ ಆರುನೂರಕ್ಕೂ ಹೆಚ್ಚು ಮರಗಳ ಸಾಲುಗಳಿಂದ ರಚಿಸಿದ್ದಾರೆ. ಕಾವಲುಗಾರನನ್ನು ಮರದ ರೂಪದಲ್ಲಿ ನೆನೆಯುವ ಈ ಕಲ್ಪನೆ ನಮ್ಮ ಮನಸ್ಸಿಗೆ ಒಪ್ಪುವಂಥದು.

ಏಕೆ ಒಪ್ಪುತ್ತದೆಂದರೆ, ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಉದ್ಯಾನವು ಅಭಯದಾನಕ್ಕೆ ಸಮೀಪವಾದುದು. ಹಕ್ಕಿ, ಅಳಿಲು, ಇರುವೆಗಳಿಗೆ ಅಲ್ಲಿ ನೆಲೆ. ಬಿಸಿಲಿನಲ್ಲಿ ನಡೆದು ಬಂದ ದಾರಿಹೋಕನಿಗೆ ನೆರಳು. ತನ್ನ ಯೌವನವನ್ನು ಭಯದ ನಡುವೆ ಕಳೆದವನ ಹೆಸರಿನಲ್ಲಿ ಭಯವಿಲ್ಲದ ಒಂದು ಜಾಗವನ್ನು ಮಾಡುವುದಕ್ಕಿಂತ ಯುಕ್ತವಾದ ಸ್ಮರಣೆ ಯಾವುದಿದೆ? ವೀರಗಲ್ಲು ಕಾಳಗವನ್ನು ನೆನಪಿಸುತ್ತದೆ. ಉದ್ಯಾನವು ಕಾಳಗ ಯಾವುದಕ್ಕಾಗಿ ನಡೆಯಿತೋ ಆ ಶಾಂತಿಯನ್ನು ನೆನಪಿಸುತ್ತದೆ.

ಮಡಿದವರಷ್ಟೇ ಅಲ್ಲದೆ ಬದುಕಿ ಮರಳಿದವರೂ ನಮ್ಮ ಸ್ಮರಣೆಗೆ ಸಲ್ಲತಕ್ಕವರು. ಕೊಡಗಿನವರಾದ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು 1953ರ ಜನವರಿ 14ರಂದು. ಆ ದಿನವನ್ನು ಈಗ ದೇಶದಲ್ಲಿ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಾರೆ. ಬಹುತೇಕ ವರ್ಷಗಳಲ್ಲಿ ಮಕರ ಸಂಕ್ರಾಂತಿಯೂ ಅಂದೇ ಬರುತ್ತದೆ. ಮನೆಮನೆಗೂ ಎಳ್ಳುಬೆಲ್ಲ ಬೀರುವ ನಮ್ಮ ಹೆಣ್ಣುಮಕ್ಕಳು ರಸ್ತೆಯ ಕೊನೆಯ ಮನೆಯ ಮಾಜಿ ಸೈನಿಕರಿಗೂ ಅವರ ಮಡದಿಗೂ ಒಂದು ತಟ್ಟೆ ಕೊಟ್ಟು ಬಂದರೆ, ಅದು ಸಣ್ಣದಾದರೂ ನಿಜವಾದ ಸ್ಮಾರಕ.

ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ಕೆಲವು ವಿನಂತಿಗಳಿವೆ. ಇಂಥ ಉದ್ಯಾನಕ್ಕೆ ದಾನ ಮಾಡುವಾಗ ದಾನಿಯ ಹೆಸರನ್ನು ಯೋಧರ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಬರೆಸಬಾರದು. ಬರೆಸದೆಯೇ ಇದ್ದರೆ ಇನ್ನೂ ಉತ್ತಮ. ಕಲ್ಲುಬೆಂಚಿನ ಬೆನ್ನಿಗೆ ಮೂರು ತಲೆಮಾರಿನ ಹೆಸರು ಕೆತ್ತಿಸುವ ನಮ್ಮ ರೂಢಿ ಮಾನಕಷಾಯದ ಪ್ರದರ್ಶನವೇ ಹೊರತು ದಾನವಲ್ಲ. ಇರುವ ಮರಗಳನ್ನು ಉಳಿಸಿಕೊಂಡೇ ನಕ್ಷೆಯನ್ನು ರಚಿಸಬೇಕು. ಉದ್ಘಾಟನೆಗೆ ಪಟಾಕಿ ಬೇಡ. ಯುದ್ಧದ ಸದ್ದನ್ನು ಕೇಳಿದವರಿಗೆ ಆ ಸದ್ದು ಹಬ್ಬವಲ್ಲ, ಹಕ್ಕಿಗಳಿಗಂತೂ ಅಲ್ಲವೇ ಅಲ್ಲ. ರಾತ್ರಿಯಿಡೀ ಉರಿದು ಕೀಟಗಳನ್ನು ಸೆಳೆದು ಸುಡುವ ದೀಪಗಳ ಅಗತ್ಯವಿಲ್ಲ. ನೀರಿನ ಕಾರಂಜಿಗಿಂತ ಹಕ್ಕಿಗಳಿಗೆ ದಿನವೂ ನೀರು ತುಂಬುವ ಒಂದು ಮಣ್ಣಿನ ಬಾನಿ ಮೇಲು. ಶಿಲಾಫಲಕದಲ್ಲಿ ಶತ್ರುವನ್ನು ಹೀಗಳೆಯುವ ಒಂದು ಮಾತೂ ಇರಬಾರದು.

ನಮ್ಮ ಟ್ರಸ್ಟು ಕೊನೆಗೆ ಹಣಕ್ಕೆ ಬದಲಾಗಿ ಗಿಡಗಳನ್ನು ಕೊಟ್ಟಿತು: ಹೊಂಗೆ, ಬೇವು, ನೇರಳೆ. ಮೂರು ವರ್ಷ ನೀರೆರೆಯುವ ಹೊಣೆಯನ್ನೂ ಹೊತ್ತುಕೊಂಡಿತು. ಆಕ್ಷೇಪಿಸಿದ್ದ ಹಿರಿಯರೇ ಮೊದಲ ವರ್ಷ ಬೆಳಗಿನ ದರ್ಶನ ಮುಗಿಸಿ ಬಿಂದಿಗೆ ಹಿಡಿದು ಹೋಗುತ್ತಿದ್ದರು. ಅವರು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡೆನೆಂದು ಎಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ನಾವು ಕೆಲವರು ಉದ್ಯಾನಕ್ಕೆ ಹೋದೆವು. ಹವಾಲ್ದಾರರು ಎಂದಿನಂತೆ ಬೆಂಚಿನ ಮೇಲೆ ಕುಳಿತಿದ್ದರು. ತಿಳಿದೋ ತಿಳಿಯದೆಯೋ ಮನೋವಚನಕಾಯಗಳಿಂದ ನಮ್ಮಿಂದಾದ ತಪ್ಪನ್ನು ಕ್ಷಮಿಸಬೇಕೆಂದು ಕೈಮುಗಿದೆವು. ಅಂದಿನ ಸಭೆಯ ಮಾತನ್ನೂ ಅವರ ಪ್ರಶ್ನೆಗೆ ಉತ್ತರ ಕೊಡದೆ ಹೋದದ್ದನ್ನೂ ನೆನಪಿಸಿಕೊಂಡೇ ಕೇಳಿದೆವು. ಅವರು ಎದ್ದು ನಿಂತು ಕೈಮುಗಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ನನ್ನನ್ನು ಕೇಳಿದಿರಿ ಸ್ವಾಮಿ. ನಾನು ಯಾರನ್ನು ಕೇಳಲಿ? ಅವನ ಹೆಸರೂ ನನಗೆ ಗೊತ್ತಿಲ್ಲ" ಎಂದರು.

ಈ ಬಾರಿ ನಮಗೆ ಉತ್ತರ ತಿಳಿದಿತ್ತು. ಪ್ರತಿಕ್ರಮಣದಲ್ಲಿ ನಾವು ಹೆಸರು ಹೇಳಿ ಕ್ಷಮೆ ಕೇಳುವುದಿಲ್ಲ. ಸಮಸ್ತ ಜೀವಿಗಳಲ್ಲಿ ಕೇಳುತ್ತೇವೆ. ನಾವು ಯಾರನ್ನು ನೋಯಿಸಿದೆವೆಂದು ನಮಗೇ ಪೂರ್ತಿ ತಿಳಿದಿರುವುದಿಲ್ಲ, ತಿಳಿದವರೂ ಎಷ್ಟೋ ಸಲ ಕೈಗೆ ಸಿಗುವುದಿಲ್ಲ ಎಂಬುದನ್ನು ಅರಿತೇ ಪೂರ್ವಾಚಾರ್ಯರು ಆ ಪಾಠವನ್ನು ಹಾಗೆ ರಚಿಸಿದ್ದಾರೆ. ಅದನ್ನು ಅವರಿಗೆ ವಿವರಿಸಿದೆವು. ಯಾರ ಹೆಸರೂ ಬೇಕಾಗಿಲ್ಲವೆಂದೂ, ಅವರು ಒಬ್ಬರೇ ಕೇಳಬೇಕಾಗಿಲ್ಲವೆಂದೂ, ಅವರನ್ನು ಅಲ್ಲಿಗೆ ಕಳುಹಿಸಿದ ನಾವೂ ಜೊತೆಗೆ ಕೇಳುತ್ತೇವೆಂದೂ ಹೇಳಿದೆವು. ನೇರಳೆಯ ಸಸಿಗಳ ಎದುರಿನಲ್ಲಿ ಎಲ್ಲರೂ ಒ೦ದಿಷ್ಟು ಹೊತ್ತು ಕಣ್ಮುಚ್ಚಿ ನಿಂತೆವು.

ಯೋಧರ ಸ್ಮರಣವನಕ್ಕೆ ಶ್ರಾವಕನು ಕೊಡಬಹುದಾದದ್ದು ಇದು. ನೆರಳು ಕೊಡುವ ಗಿಡ, ಗಿಡಕ್ಕೆ ನೀರು, ಮತ್ತು ತನ್ನ ಪಾಲಿನ ಹೊಣೆಯನ್ನು ಒಪ್ಪಿಕೊಂಡು ಯೋಧನ ಪಕ್ಕದಲ್ಲಿ ನಿಂತು ಬೇಡುವ ಕ್ಷಮೆ.